ಓದುಗರ ಪ್ರಶ್ನೆ, ನಮ್ಮ ಉತ್ತರ: ಮಂಗಳೂರು ಮತ್ತು ತಂಜಾವೂರಿನ ನ್ಯಾಯಾಧೀಶ ಬರ್ನೆಲ್

ಕಳೆದ ಸಂಚಿಕೆಯಲ್ಲಿ ಮಡಿಕೇರಿಯ ತಾಮ್ರಶಾಸನವನ್ನು ಕುರಿತು ಉತ್ತರಿಸುವಾಗ ಆರ್ಥರ್ ಕೋಕ್ ಬರ್ನೆಲ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಅವರ ವಿಷಯವನ್ನು ವಿವರವಾಗಿ ತಿಳಿಸಬೇಕೆಂದು ಕೊಡಗಿನ ಹಲವು ಊರುಗಳಿಂದ ಪತ್ರಗಳು ಬಂದಿವೆ. ಪ್ರಶ್ನೆಗಳೆಲ್ಲ ಒಬ್ಬರನ್ನೇ ಕುರಿತಾಗಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ (ಮಡಿಕೇರಿ): ಬರ್ನೆಲ್ ಯಾರು? ಅವರು ನಮ್ಮ ಮಡಿಕೇರಿ ಕೋಟೆಯ ಕಚೇರಿಯಲ್ಲಿ ನ್ಯಾಯಾಧೀಶರಾಗಿ ಕೆಲಸ ಮಾಡಿದ್ದರೇ?

ಉತ್ತರ: ಕೊಡಗಿನಲ್ಲಿ ಅವರು ಕೆಲಸ ಮಾಡಲಿಲ್ಲ. ಅವರು ನ್ಯಾಯಾಧೀಶರಾಗಿದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಮುಖ್ಯವಾಗಿ ಮಂಗಳೂರು ಮತ್ತು ತಂಜಾವೂರುಗಳಲ್ಲಿ. 1834ರಲ್ಲಿ ಕಂಪನಿ ಸರಕಾರದ ವಶಕ್ಕೆ ಬಂದ ಕೊಡಗು ಮದ್ರಾಸಿಗೆ ಸೇರಲಿಲ್ಲ. ಮೈಸೂರಿನ ಕಮಿಷನರರ ಮೇಲ್ವಿಚಾರಣೆಯಲ್ಲಿ ಒಬ್ಬ ಸೂಪರಿಂಟೆಂಡೆಂಟರು ಮಡಿಕೇರಿಯಿಂದ ಅದನ್ನು ಆಳುತ್ತಿದ್ದರು. ಅವರ ಕೆಳಗೆ ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ತೆಗಾರ. ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ಕೊಡಗಿನಲ್ಲಿ ವ್ಯಾಜ್ಯವನ್ನೂ ತೀರ್ಮಾನಿಸುತ್ತಿದ್ದನು. ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳಲ್ಲಾದರೋ ಕಲೆಕ್ಟರರು ಬೇರೆ, ಜಿಲ್ಲಾ ನ್ಯಾಯಾಧೀಶರು ಬೇರೆ ಇದ್ದರು, ಮತ್ತು ಬರ್ನೆಲ್ ಅವರು ಈ ಎರಡನೆಯ ಶಾಖೆಗೆ ಸೇರಿದವರು.

ಅವರು ಹುಟ್ಟಿದ್ದು 1840ರಲ್ಲಿ, ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಪ್ರಾಂತ್ಯದ ಸೇಂಟ್ ಬ್ರೈವೆಲ್ಸ್ ಎಂಬಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಆಗಿನ್ನೂ ಹೊಸದಾಗಿದ್ದ ಸ್ಪರ್ಧಾ ಪರೀಕ್ಷೆಯ ಮೂಲಕ ಸಿವಿಲ್ ಸರ್ವಿಸ್ ಸೇರಿ, 1860ರಲ್ಲಿ ಮದ್ರಾಸಿಗೆ ಬಂದಿಳಿದರು. ಇಪ್ಪತ್ತು ವರ್ಷ ದಕ್ಷಿಣ ಭಾರತದಲ್ಲಿ ದುಡಿದು, ಆರೋಗ್ಯ ಕೆಟ್ಟು 1880ರಲ್ಲಿ ಊರಿಗೆ ಮರಳಿ, 1882ರ ಅಕ್ಟೋಬರ್ 12ರಂದು ಹ್ಯಾಂಪ್‌ಶೈರಿನ ವೆಸ್ಟ್ ಸ್ಟ್ರಾಟನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತೆರಡು ವರ್ಷ.

ಕೊಡಗಿಗೂ ಅವರಿಗೂ ನೇರವಾದ ಅಧಿಕಾರ ಸಂಬಂಧವಿಲ್ಲದಿದ್ದರೂ ಒಂದು ಮಾತನ್ನು ನೆನಪಿಡಬೇಕು. ಘಟ್ಟದ ಕೆಳಗಿನ ಅಮರ ಸುಳ್ಯ, ಪಂಜ, ಬೆಳ್ಳಾರೆಯ ಸೀಮೆಗಳು ಟಿಪ್ಪುವಿನ ಪತನಾನಂತರ ಕೊಡಗಿನ ಅರಸರ ಕೈಗೆ ಬಂದಿದ್ದವು. 1834ರ ಬಳಿಕ ಅವುಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. 1837ರಲ್ಲಿ ಮಂಗಳೂರಿನವರೆಗೆ ನುಗ್ಗಿದ ಅಮರ ಸುಳ್ಯದ ರೈತರ ದಂಗೆಯ ಹಿನ್ನೆಲೆಯಲ್ಲಿ ಈ ಬದಲಾವಣೆಯೂ ಇತ್ತು. ಹೀಗಾಗಿ ಹಿಂದೆ ಮಡಿಕೇರಿಯ ಅರಸರ ಮುಂದೆ ದೂರು ಹೇಳಿಕೊಳ್ಳುತ್ತಿದ್ದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಬರ್ನೆಲ್ ಅವರ ಕಾಲಕ್ಕೆ ಮಂಗಳೂರಿನ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದರು.

ಪ್ರಶ್ನೆ (ವಿರಾಜಪೇಟೆ): ನಾನು ವೃತ್ತಿಯಿಂದ ವಕೀಲ. ಆ ಕಾಲದ ಜಿಲ್ಲಾ ನ್ಯಾಯಾಧೀಶರ ಕೆಲಸ ಏನಿತ್ತು? ದಿನವೂ ಮೊಕದ್ದಮೆ ಕೇಳುವ ಅಧಿಕಾರಿಗೆ ಸಂಸ್ಕೃತದ ಗ್ರಂಥಗಳನ್ನು ಅನುವಾದಿಸುವ ಹವ್ಯಾಸ ಹೇಗೆ ಅಂಟಿಕೊಂಡಿತು?

ಉತ್ತರ: ಇದನ್ನು ಹವ್ಯಾಸವೆಂದು ಕರೆಯಲು ನಮಗೆ ಮನಸ್ಸಿಲ್ಲ. ಸಂಸ್ಕೃತದ ಆಸಕ್ತಿ ಅವರಿಗೆ ಮೊದಲೇ ಇತ್ತು ಎಂಬುದು ನಿಜ. ಲಂಡನ್ನಿನಲ್ಲಿದ್ದಾಗಲೇ ಗೋಲ್ಡ್‌ಸ್ಟೂಕರ್ ಎಂಬ ಜರ್ಮನ್ ವಿದ್ವಾಂಸರ ಬಳಿ ಅದನ್ನು ಕಲಿತಿದ್ದರು. ಆದರೆ ಅವರು ಮೊದಲು ಕೈಹಾಕಿದ ಅನುವಾದಗಳು ಯಾವುವೆಂದು ನೋಡಿದರೆ, ನ್ಯಾಯಪೀಠದ ಅಗತ್ಯವೇ ಅವರನ್ನು ಆ ಕಡೆಗೆ ದೂಡಿತೆಂಬುದು ಸ್ಪಷ್ಟವಾಗುತ್ತದೆ.

ಅವರು ಬಂದ ಹೊತ್ತು ಕಾನೂನು ವ್ಯವಸ್ಥೆಯೇ ಮಗ್ಗುಲು ಬದಲಿಸುತ್ತಿದ್ದ ಹೊತ್ತು. 1859ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ, 1860ರಲ್ಲಿ ದಂಡ ಸಂಹಿತೆ, 1861ರಲ್ಲಿ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದವು. 1862ರಲ್ಲಿ ಮದ್ರಾಸಿನ ಹಳೆಯ ಸದರ್ ಅದಾಲತ್ತು ಮತ್ತು ಸುಪ್ರೀಂ ಕೋರ್ಟುಗಳ ಜಾಗದಲ್ಲಿ ಹೈಕೋರ್ಟು ಸ್ಥಾಪನೆಯಾಯಿತು. ಜಿಲ್ಲೆಯ ನ್ಯಾಯಾಧೀಶರು ಸಿವಿಲ್ ಕಡೆಯಲ್ಲಿ ಕೆಳಗಿನ ನ್ಯಾಯಾಧೀಶರಾದ ಮುನ್ಸೀಫರ ತೀರ್ಪುಗಳ ಮೇಲಿನ ಅಪೀಲುಗಳನ್ನು ಕೇಳಬೇಕು, ದೊಡ್ಡ ಮೊತ್ತದ ದಾವೆಗಳನ್ನು ತಾವೇ ವಿಚಾರಿಸಬೇಕು. ಸೆಷನ್ಸ್ ಕಡೆಯಲ್ಲಿ ಕೊಲೆ, ದರೋಡೆಯಂಥ ಅಪರಾಧಗಳ ವಿಚಾರಣೆ ನಡೆಸಬೇಕು. ಸ್ಥಳೀಯ ಅಸೆಸರುಗಳು ಪಕ್ಕದಲ್ಲಿ ಕುಳಿತು ಅಭಿಪ್ರಾಯ ಹೇಳುತ್ತಿದ್ದರಾದರೂ ಅದು ನ್ಯಾಯಾಧೀಶರನ್ನು ಕಟ್ಟಿಹಾಕುತ್ತಿರಲಿಲ್ಲ. ಮರಣದಂಡನೆಗೆ ಮಾತ್ರ ಹೈಕೋರ್ಟಿನ ದೃಢೀಕರಣ ಬೇಕಾಗಿತ್ತು. ದಕ್ಷಿಣ ಕನ್ನಡದಲ್ಲಿ ಕಚೇರಿಯ ದೇಶಭಾಷೆ ಕನ್ನಡ. ಕಕ್ಷಿದಾರರ ಮನೆಮಾತು ಮಾತ್ರ ತುಳು, ಕೊಂಕಣಿ, ಬ್ಯಾರಿ, ಕಾಸರಗೋಡಿನ ಕಡೆಯವರಾದರೆ ಮಲಯಾಳ.

ದಂಡ ಸಂಹಿತೆ ಎಲ್ಲರಿಗೂ ಒಂದೇ ಆಗಿದ್ದರೂ ಮದುವೆ, ದತ್ತು, ಪಾಲು, ವಾರಸುದಾರಿಕೆಗಳಲ್ಲಿ ಹಿಂದೂಗಳಿಗೆ ಹಿಂದೂ ಧರ್ಮಶಾಸ್ತ್ರ, ಮುಸ್ಲಿಮರಿಗೆ ಅವರ ಶರೀಅತ್ತು ಎಂಬ ಕಟ್ಟಳೆ ಮುಂದುವರಿಯಿತು. ಹಿಂದೆ ಪ್ರತಿಯೊಂದು ನ್ಯಾಯಾಲಯದಲ್ಲಿಯೂ ಸಂಬಳದ ಪಂಡಿತರು ಇದ್ದರು. ಶಾಸ್ತ್ರದ ಪ್ರಶ್ನೆ ಬಂದಾಗ ನ್ಯಾಯಾಧೀಶರು ಅವರಿಗೆ ಲಿಖಿತವಾಗಿ ಕೇಳಿ, ಅವರು ಕೊಟ್ಟ ವ್ಯವಸ್ಥೆಯನ್ನು, ಎಂದರೆ ಶಾಸ್ತ್ರದ ಅಭಿಪ್ರಾಯವನ್ನು, ಆಧಾರವಾಗಿ ಇಟ್ಟುಕೊಳ್ಳುತ್ತಿದ್ದರು. 1864ರ ಕಾಯಿದೆಯೊಂದು ಈ ಹುದ್ದೆಗಳನ್ನೇ ತೆಗೆದುಹಾಕಿತು. ಇಷ್ಟು ವರ್ಷಗಳ ತೀರ್ಪುಗಳಿಂದಲೂ ಇಂಗ್ಲಿಷಿಗೆ ಬಂದಿರುವ ಕೆಲವು ಗ್ರಂಥಗಳಿಂದಲೂ ನ್ಯಾಯಾಧೀಶರಿಗೆ ಶಾಸ್ತ್ರ ತಿಳಿದಂತಾಗಿದೆ ಎಂಬುದು ಸರಕಾರದ ನಂಬಿಕೆಯಾಗಿತ್ತು. ಆಗ ಇಂಗ್ಲಿಷಿನಲ್ಲಿ ದೊರೆಯುತ್ತಿದ್ದ ಗ್ರಂಥಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿಯೂ ಮುಖ್ಯವಾದವು ಬಂಗಾಳದಲ್ಲಿದ್ದ ಅಧಿಕಾರಿಗಳು ತಮ್ಮ ಅಗತ್ಯಕ್ಕೆ ಅನುವಾದಿಸಿಕೊಂಡವು. ದಕ್ಷಿಣದ ನ್ಯಾಯಾಧೀಶರು ಪಂಡಿತರನ್ನು ಕಳೆದುಕೊಂಡು, ಪುಸ್ತಕವೂ ಇಲ್ಲದೆ ಕುಳಿತಿದ್ದರು.

ಈ ಕೊರತೆಯನ್ನು ತುಂಬಲು ಬರ್ನೆಲ್ ಅವರು ಹೊರಟರು. 1868ರಲ್ಲಿ ಅವರು ಪ್ರಕಟಿಸಿದ್ದು ಪರಾಶರಮಾಧವೀಯದ ದಾಯವಿಭಾಗದ ಅನುವಾದ. ವಿಜಯನಗರದ ಆರಂಭಕಾಲದ ಮಾಧವಾಚಾರ್ಯರು ಪರಾಶರಸ್ಮೃತಿಗೆ ಬರೆದ ಈ ವ್ಯಾಖ್ಯಾನ ಕನ್ನಡನಾಡಿಗೂ ತಮಿಳುನಾಡಿಗೂ ಪ್ರಮಾಣಗ್ರಂಥ. ಆಗಿನ್ನೂ ಆ ಭಾಗ ಅಚ್ಚಾಗಿರಲಿಲ್ಲವಾದ್ದರಿಂದ ಬರ್ನೆಲ್ ಅವರು ಹಸ್ತಪ್ರತಿಯಿಂದಲೇ ಅನುವಾದಿಸಬೇಕಾಯಿತು. 1872ರಲ್ಲಿ ವರದರಾಜರ ವ್ಯವಹಾರನಿರ್ಣಯದ ಪಾಲು ಮತ್ತು ವಾರಸುದಾರಿಕೆಯ ಭಾಗ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಎರಡೂ ಪುಸ್ತಕಗಳು ಪಾಲಿನ ದಾವೆಗಳಿಗೆ ನೇರವಾಗಿ ಬೇಕಾದಂಥವು. ಮನುಸ್ಮೃತಿಯ ಅನುವಾದವನ್ನೂ ಅವರು ಕೈಗೆತ್ತಿಕೊಂಡಿದ್ದರು. ಅದನ್ನು ಅಮೆರಿಕದ ಹಾಪ್ಕಿನ್ಸ್ ಎಂಬ ವಿದ್ವಾಂಸರು ಪೂರ್ತಿಗೊಳಿಸಿ, ಅದು 1884ರಲ್ಲಿ, ಬರ್ನೆಲ್ ಅವರು ತೀರಿಕೊಂಡ ಮೇಲೆ, ಪ್ರಕಟವಾಯಿತು.

ಪ್ರಶ್ನೆ (ಪೊನ್ನಂಪೇಟೆ): ಸಂಸ್ಕೃತದ ಧರ್ಮಶಾಸ್ತ್ರಕ್ಕೂ ನಮ್ಮ ಒಕ್ಕದ (ಕೊಡವ ಮನೆತನದ) ಪದ್ಧತಿಗೂ ಹೊಂದಿಕೆಯಿಲ್ಲ. ಇಂಥ ಜನರ ವಿಷಯದಲ್ಲಿ ಬರ್ನೆಲ್ ಅವರ ನಿಲುವು ಏನಿತ್ತು?

ಉತ್ತರ: ಇದು ಈ ಸಲ ಬಂದ ಪ್ರಶ್ನೆಗಳಲ್ಲೆಲ್ಲ ತೂಕದ ಪ್ರಶ್ನೆ. ಹೈಕೋರ್ಟುಗಳೂ, ಲಂಡನ್ನಿನ ಕೊನೆಯ ಅಪೀಲು ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ಲೂ ಆ ಕಾಲಕ್ಕೆ ಹಿಂದೂ ಕಾನೂನನ್ನು ಪಂಥಗಳಾಗಿ ಹಂಚಿಕೊಂಡಿದ್ದವು. ಬಂಗಾಳಕ್ಕೆ ಒಂದು, ಕಾಶಿಗೆ ಒಂದು, ದಕ್ಷಿಣಕ್ಕೆ ದ್ರಾವಿಡ ಪಂಥ, ಅದರೊಳಗೆ ಮತ್ತೆ ಕರ್ನಾಟಕ, ಆಂಧ್ರ ಎಂಬ ಕವಲುಗಳು. ಗ್ರಂಥಗಳನ್ನು ಮೂಲದಲ್ಲಿಯೇ ಓದಬಲ್ಲವರಾಗಿದ್ದ ಬರ್ನೆಲ್ ಅವರು ದಕ್ಷಿಣದ ಈ ವಿಂಗಡಣೆಗೆ ಅರ್ಥವಿಲ್ಲವೆಂದು ತಮ್ಮ ಪೀಠಿಕೆಗಳಲ್ಲಿ ಗೇಲಿ ಮಾಡಿದರು. ಅದೇ ಪ್ರಾಂತ್ಯದ ಇನ್ನೊಬ್ಬ ನ್ಯಾಯಾಧೀಶ ಜೆ. ಎಚ್. ನೆಲ್ಸನ್ ಅವರು 1877ರಲ್ಲಿ ಇನ್ನೂ ಮುಂದೆ ಹೋಗಿ, ಬ್ರಾಹ್ಮಣೇತರ ಸಮುದಾಯಗಳ ಮೇಲೆ ಸಂಸ್ಕೃತ ಗ್ರಂಥಗಳ ಕಾನೂನನ್ನು ಹೇರುವುದೇ ಅನ್ಯಾಯವೆಂದು ವಾದಿಸಿ ಮದ್ರಾಸ್ ಹೈಕೋರ್ಟಿನವರ ಸಿಟ್ಟಿಗೆ ಗುರಿಯಾದರು.

ಮಂಗಳೂರಿನಲ್ಲಿ ಕುಳಿತ ಯಾವ ನ್ಯಾಯಾಧೀಶರಿಗೂ ಈ ಸಮಸ್ಯೆ ಬರಿಯ ವಾದದ ವಿಷಯವಾಗಿರಲು ಸಾಧ್ಯವಿರಲಿಲ್ಲ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ. ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತದೆ, ತಂದೆಯ ಸೊತ್ತು ಮಗನಿಗೆ ಬರುವುದಿಲ್ಲ. ಮನುವಿನಿಂದ ಮಿತಾಕ್ಷರದವರೆಗೆ ಯಾವ ಗ್ರಂಥವನ್ನು ತೆರೆದರೂ ಇದಕ್ಕೆ ಉತ್ತರ ಸಿಗುವುದಿಲ್ಲ, ರೂಢಿಯನ್ನೇ ಕೇಳಿ ತಿಳಿಯಬೇಕು. ಘಟ್ಟದ ಮೇಲಿನ ಕೊಡಗಿನಲ್ಲಿ ಪಿತೃಮೂಲದ ಒಕ್ಕ, ಅದರ ಮೂಲಮನೆಯಾದ ಐನ್‌ಮನೆ, ಹಿರಿಯನಾದ ಪಟ್ಟೇದಾರ, ಪಾಲಾಗದೆ ಉಳಿಯಬೇಕಾದ ಜಮ್ಮಾ ಭೂಮಿ. ಇದೂ ಗ್ರಂಥಗಳ ಹೊರಗಿನ ಮಾತೇ. ಕೊಡಗಿನ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್ ಅವರು ಇಲ್ಲಿಯ ರೂಢಿಗಳನ್ನು ಕೇಳಿ ಬರೆದುಕೊಂಡು 1871ರಲ್ಲಿ ಕೊಡಗಿನ ಸಿವಿಲ್ ಕಾನೂನಿನ ಕೈಪಿಡಿಯೊಂದನ್ನು ಹೊರತಂದರು. ಬರ್ನೆಲ್ ಮತ್ತು ಕೋಲ್ ಒಂದೇ ಕಾಲದಲ್ಲಿ, ಸಂಪಾಜೆ ಘಟ್ಟದ ಆಚೆ ಈಚೆ, ಎದುರು ಬದುರು ದಾರಿಗಳಲ್ಲಿ ಹೊರಟಿದ್ದರು. ಒಬ್ಬರು ಗ್ರಂಥದ ಶುದ್ಧ ಪಾಠವನ್ನು ಹುಡುಕಿದರು, ಇನ್ನೊಬ್ಬರು ಜನರ ಬಾಯಿಂದ ಕೇಳಿದರು. ಕೊಡಗಿನವರಿಗೆ ಕೋಲ್ ಅವರ ದಾರಿಯೇ ಹೆಚ್ಚು ಉಪಕಾರಕವಾಯಿತೆಂದು ನಮ್ಮ ಅಭಿಪ್ರಾಯ. ಹಾಗಿದ್ದರೂ ಗ್ರಂಥದಲ್ಲಿ ನಿಜವಾಗಿ ಏನಿದೆ ಎಂದು ತೋರಿಸಿಕೊಟ್ಟವರಿಂದಲೇ, ಗ್ರಂಥದಲ್ಲಿಲ್ಲದ್ದನ್ನು ಗ್ರಂಥದ ಹೆಸರಿನಲ್ಲಿ ತೀರ್ಪಾಗಿ ಬರೆಯುತ್ತಿದ್ದ ಅಭ್ಯಾಸ ಬಯಲಿಗೆ ಬಂತು.

ಪ್ರಶ್ನೆ (ಸೋಮವಾರಪೇಟೆ): ನಾನು ಇತಿಹಾಸದ ವಿದ್ಯಾರ್ಥಿನಿ. ಲಿಪಿಶಾಸ್ತ್ರದಲ್ಲಿ ಬರ್ನೆಲ್ ಅವರ ಹೆಸರು ಬರುವುದು ಯಾವ ಕಾರಣಕ್ಕೆ? ಮಡಿಕೇರಿಯ ತಾಮ್ರಶಾಸನಕ್ಕೂ ಅವರಿಗೂ ಏನು ಸಂಬಂಧ?

ಉತ್ತರ: ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯನ್ನು ನಾಲ್ಕನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ಒಂದೇ ಕಡೆ ಕ್ರಮವಾಗಿ ತೋರಿಸಿದ ಮೊದಲ ಪುಸ್ತಕ ಅವರದು. 1874ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು, 1878ರಲ್ಲಿ ತಿದ್ದಿದ ಎರಡನೆಯ ಆವೃತ್ತಿ ಲಂಡನ್ನಿನಲ್ಲಿ ಬಂತು. ಭಾರತೀಯ ಸಾಹಿತ್ಯದ ಪ್ರತಿಯೊಬ್ಬ ಅಭ್ಯಾಸಿಗೂ ಇದು ಅನಿವಾರ್ಯವೆಂದು ಮ್ಯಾಕ್ಸ್ ಮುಲ್ಲರ್ ಅವರು ಹೊಗಳಿದರು.

ಇಂಥ ಪುಸ್ತಕ ಏಕೆ ಬೇಕಾಗಿತ್ತೆಂಬುದನ್ನು ತಿಳಿಯಲು ಒಂದು ತಾಳೆಗರಿಯ ಕಟ್ಟನ್ನು ಕೈಗೆ ತೆಗೆದುಕೊಂಡು ನೋಡಬೇಕು. ಉದ್ದವಾದ ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿಗಳನ್ನಿಟ್ಟು ಬಿಗಿದಿರುತ್ತಾರೆ. ದಕ್ಷಿಣದಲ್ಲಿ ಗರಿಯ ಮೇಲೆ ಮಸಿಯಿಂದ ಬರೆಯುವ ರೂಢಿ ಇರಲಿಲ್ಲ. ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಅದರ ಮೇಲೆ ಮಸಿಯನ್ನು ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ಮಸಿ ಸವರದ ಪ್ರತಿಯಾದರೆ ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದೇ ಓದಬೇಕು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಒಂದೇ ಸಂಸ್ಕೃತ ಗ್ರಂಥ ಒಂದೂರಿನಲ್ಲಿ ಗ್ರಂಥಲಿಪಿಯಲ್ಲಿ, ಇನ್ನೊಂದೂರಿನಲ್ಲಿ ತೆಲುಗಿನಲ್ಲಿ, ಮತ್ತೊಂದೂರಿನಲ್ಲಿ ಕನ್ನಡದಲ್ಲಿಯೋ ನಂದಿನಾಗರಿಯಲ್ಲಿಯೋ ಇರುತ್ತದೆ. ಮಳೆನಾಡಿನ ತೇವಕ್ಕೆ, ಗೆದ್ದಲಿಗೆ, ಬೆಳ್ಳಿಹುಳುವಿಗೆ ಗರಿ ಹೆಚ್ಚು ಕಾಲ ನಿಲ್ಲುವುದಿಲ್ಲವಾದ್ದರಿಂದ ನಕಲಿನ ನಕಲೇ ನಮ್ಮ ಕೈಗೆ ಬರುವುದು, ಪ್ರತಿ ನಕಲಿನಲ್ಲೂ ಹೊಸ ತಪ್ಪು ಸೇರಿರುವುದು. ಪಾಲಿನ ದಾವೆಯಲ್ಲಿ ಒಂದು ಶ್ಲೋಕದ ಪಾಠ ಹೀಗೋ ಹಾಗೋ ಎಂದು ನಿರ್ಧರಿಸಬೇಕಾದ ನ್ಯಾಯಾಧೀಶರಿಗೆ ಪ್ರತಿಯ ಕಾಲವನ್ನು ಗುರುತಿಸುವ ವಿದ್ಯೆ ಬೇಕೇ ಬೇಕು.

ಇನ್ನು ಮಡಿಕೇರಿಯ ಶಾಸನ. ಗಂಗ ಅರಸ ಅವಿನೀತನ ಹೆಸರಿನ, ಶಕ 388ರ, ಎಂದರೆ ಕ್ರಿ. ಶ. 466ರ ಸುಮಾರಿನ ಕಾಲವನ್ನು ಹೇಳುವ ಈ ತಾಮ್ರಪಟಗಳು ಮಡಿಕೇರಿಯ ಖಜಾನೆಯಲ್ಲಿದ್ದವು. ತಳವನನಗರದ, ಅಂದರೆ ತಲಕಾಡಿನ, ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಗ್ರಾಮವನ್ನು ದಾನವಿತ್ತ ವಿಷಯ ಅದರಲ್ಲಿದೆ. ಲೂಯಿಸ್ ರೈಸ್ ಅವರು 1872ರಲ್ಲಿ ಇದನ್ನು ಪ್ರಕಟಿಸಿದರು. ಬರ್ನೆಲ್ ಅವರು ತಾವು ಚೇರ ಎಂದು ಕರೆದ ಲಿಪಿಯನ್ನು ವಿವರಿಸುವಾಗ ಈ ಪಟಗಳನ್ನು ಬಳಸಿಕೊಂಡರು. ಗಂಗರನ್ನೂ ಚೇರರನ್ನೂ ಒಂದಾಗಿಸಿದ ಆ ಕಾಲದ ತಿಳಿವಳಿಕೆ ಈಗ ಬಿದ್ದುಹೋಗಿದೆ. ಶಾಸನದ ಕಾಲವೂ ವಿವಾದಕ್ಕೆ ಸಿಲುಕಿತು. ಅದರಲ್ಲಿ ಬರುವ ಅಕಾಲವರ್ಷ ಎಂಬ ಹೆಸರು ರಾಷ್ಟ್ರಕೂಟರ ಬಿರುದಾಗಿರುವುದರಿಂದಲೂ ಅಕ್ಷರಗಳ ರೂಪದಿಂದಲೂ, ಇದು ಹಲವು ಶತಮಾನಗಳ ಈಚೆಗೆ ಬರೆದ ಪ್ರತಿಯೆಂದು ಅನೇಕ ವಿದ್ವಾಂಸರು ಭಾವಿಸಿದ್ದಾರೆ. ವಿದ್ಯಾರ್ಥಿಗಳು ಬರ್ನೆಲ್ ಅವರ ಪುಸ್ತಕವನ್ನು ಓದುವಾಗ ಹೆಸರುಗಳನ್ನೂ ಕಾಲಗಳನ್ನೂ ಈಚಿನ ಸಂಶೋಧನೆಯೊಡನೆ ಹೋಲಿಸಿ ನೋಡುವುದು ಲೇಸು. ಸಾಯಣಾಚಾರ್ಯರೂ ಮಾಧವಾಚಾರ್ಯರೂ ಒಬ್ಬರೇ ಎಂದು ಇನ್ನೊಂದು ಪುಸ್ತಕದಲ್ಲಿ ಅವರು ಹೂಡಿದ ವಾದವನ್ನೂ ವಿದ್ವಾಂಸರು ಒಪ್ಪಿಲ್ಲ.

ಪ್ರಶ್ನೆ (ಕುಶಾಲನಗರ): ನಮ್ಮ ಕೊನೆಯ ಅರಸರಾದ ಚಿಕ್ಕವೀರರಾಜೇಂದ್ರರು ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದರಂತೆ. ಅದು ಬರ್ನೆಲ್ ಅವರಂಥ ನ್ಯಾಯಾಧೀಶರ ಮುಂದೆ ಬಂದಿತ್ತೇ?

ಉತ್ತರ: ಅದು ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ನಡೆದ ದಾವೆ. ದೊಡ್ಡವೀರರಾಜೇಂದ್ರರು ಕಂಪನಿಯಲ್ಲಿ ತೊಡಗಿಸಿದ್ದ ಹಣದ ಸಾಲಪತ್ರಗಳನ್ನು 1834ರಲ್ಲಿ ರಾಜ್ಯದೊಡನೆ ಕಂಪನಿ ವಶಪಡಿಸಿಕೊಂಡಿತ್ತು. ಕಾಶಿಯಲ್ಲಿದ್ದ ಚಿಕ್ಕವೀರರಾಜೇಂದ್ರರು 1852ರಲ್ಲಿ ಇಂಗ್ಲೆಂಡಿಗೆ ಹೋಗಿ ಆ ಹಣಕ್ಕಾಗಿ ದಾವೆ ಹೂಡಿದರು. 1859ರಲ್ಲಿ ಅಲ್ಲಿಯೇ ತೀರಿಕೊಂಡರು. ಮಾಸ್ಟರ್ ಆಫ್ ದ ರೋಲ್ಸ್ ಎಂಬ ಹಿರಿಯ ನ್ಯಾಯಾಧೀಶರ ಹುದ್ದೆಯಲ್ಲಿದ್ದ ಸರ್ ಜಾನ್ ರೊಮಿಲ್ಲಿ ಅವರು 1860ರಲ್ಲಿ ತೀರ್ಪು ನೀಡಿ, ಕಂಪನಿ ಇದನ್ನು ಯುದ್ಧದ ಸಂದರ್ಭದಲ್ಲಿ ಪ್ರಭುಶಕ್ತಿಯಾಗಿ ಮಾಡಿದೆ, ಇಂಥ ರಾಜ್ಯಕೃತ್ಯವನ್ನು ನ್ಯಾಯಾಲಯ ಪ್ರಶ್ನಿಸಲಾರದು ಎಂದು ದಾವೆಯನ್ನು ವಜಾ ಮಾಡಿದರು. ಬರ್ನೆಲ್ ಅವರು ಮದ್ರಾಸಿಗೆ ಬಂದದ್ದೂ ಅದೇ ವರ್ಷ.

ಆದರೂ ಈ ಕಥೆಗೆ ಬರ್ನೆಲ್ ಅವರ ತಂಜಾವೂರಿನೊಡನೆ ನಂಟಿದೆ. ತಂಜಾವೂರಿನ ಮರಾಠ ಅರಸ ಶಿವಾಜಿ 1855ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ರಾಜ್ಯವನ್ನೂ ಅರಮನೆಯ ಸೊತ್ತನ್ನೂ ವಶಕ್ಕೆ ತೆಗೆದುಕೊಂಡಿತು. ರಾಣಿ ಕಾಮಾಕ್ಷಿ ಬಾಯಿ ಅವರು ಮದ್ರಾಸಿನ ನ್ಯಾಯಾಲಯದಲ್ಲಿ ಗೆದ್ದರು. 1859ರಲ್ಲಿ ಪ್ರಿವಿ ಕೌನ್ಸಿಲ್ ಇದೂ ರಾಜ್ಯಕೃತ್ಯವೆಂದು ಹೇಳಿ ಆ ತೀರ್ಪನ್ನು ತಿರುಗಿಸಿತು. ಕೊಡಗಿನ ಅರಸರಿಗೂ ತಂಜಾವೂರಿನ ರಾಣಿಯರಿಗೂ ಒಂದು ವರ್ಷದ ಅಂತರದಲ್ಲಿ ಒಂದೇ ಬಾಗಿಲು ಮುಚ್ಚಿತು. ವ್ಯತ್ಯಾಸವೆಂದರೆ, ತಂಜಾವೂರಿನ ಖಾಸಗಿ ಸೊತ್ತನ್ನು ಸರಕಾರ ಆಮೇಲೆ ತಾನಾಗಿಯೇ ರಾಣಿಯರಿಗೆ ಬಿಟ್ಟುಕೊಟ್ಟಿತು. ಆ ಸೊತ್ತಿನಲ್ಲಿ ನಾಯಕರ ಕಾಲದಿಂದ ಕೂಡುತ್ತ ಬಂದು, ಎರಡನೆಯ ಸರಫೋಜಿಯ ಕೈಯಲ್ಲಿ ಬೆಳೆದ ಸರಸ್ವತಿ ಮಹಲ್ ಗ್ರಂಥಭಂಡಾರವೂ ಇತ್ತು. ಹೀಗೆ ಅದು ಲಂಡನ್ನಿಗೆ ಹೋಗದೆ ಅರಮನೆಯಲ್ಲಿ ಉಳಿಯಿತು.

ತಂಜಾವೂರಿನ ನ್ಯಾಯಾಧೀಶರಾಗಿ ಹೋದ ಬರ್ನೆಲ್ ಅವರಿಗೆ ಮದ್ರಾಸ್ ಸರಕಾರ ಈ ಭಂಡಾರದ ಸಂಸ್ಕೃತ ಹಸ್ತಪ್ರತಿಗಳ ವರ್ಗೀಕೃತ ಸೂಚಿಯನ್ನು ತಯಾರಿಸುವ ಕೆಲಸ ವಹಿಸಿತು. ಹಗಲು ಕೋರ್ಟಿನ ಕಲಾಪ, ಉಳಿದ ಹೊತ್ತಿನಲ್ಲಿ ಸಾವಿರಾರು ಗರಿಯ ಕಟ್ಟುಗಳನ್ನೂ ಕಾಗದದ ಪ್ರತಿಗಳನ್ನೂ ಬಿಚ್ಚಿ ಗ್ರಂಥದ ಹೆಸರು, ಕರ್ತೃ, ಲಿಪಿ ಮುಂತಾದ ವಿವರಗಳನ್ನು ಗುರುತಿಸುವ ಕೆಲಸ. 1880ರಲ್ಲಿ ಸೂಚಿ ಪ್ರಕಟವಾಯಿತು. ನಮ್ಮ ದೃಷ್ಟಿಯಲ್ಲಿ ಅವರ ಕೆಲಸಗಳಲ್ಲೆಲ್ಲ ದೊಡ್ಡದು ಇದೇ, ಏಕೆಂದರೆ ಸೂಚಿ ಅಚ್ಚಾದ ಮೇಲೆ ಗ್ರಂಥಗಳು ಸದ್ದಿಲ್ಲದೆ ಮಾಯವಾಗುವುದು ಕಷ್ಟವಾಗುತ್ತದೆ. ಅತಿಯಾದ ದುಡಿಮೆಯೂ ಮದ್ರಾಸಿನ ಹವೆಯೂ ಸೇರಿ, ಮೊದಲೇ ದುರ್ಬಲವಾಗಿದ್ದ ಅವರ ಶರೀರವನ್ನು ಮುರಿದವು.

ಪ್ರಶ್ನೆ (ಸಂಪಾಜೆ): ತುಳು ಪಾಡ್ದನಗಳನ್ನು (ಭೂತಗಳ ಕಥನಗೀತೆಗಳನ್ನು) ಬರ್ನೆಲ್ ಅವರು ಸಂಗ್ರಹಿಸಿದ್ದರೆಂದು ಕೇಳಿದ್ದೇನೆ. ನಿಜವೇ?

ಉತ್ತರ: ನಿಜ. ಭೂತಾರಾಧನೆಯ ಪಾಡ್ದನಗಳೂ ವಿಧಿಗಳ ವಿವರಣೆಗಳೂ ಅವರ ಕಾಗದಪತ್ರಗಳಲ್ಲಿ ಉಳಿದಿದ್ದವು. ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ, 1894ರಿಂದ 1897ರವರೆಗೆ, ಆರ್. ಸಿ. ಟೆಂಪಲ್ ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅವುಗಳನ್ನು ಕಂತುಕಂತಾಗಿ ಪ್ರಕಟಿಸಿದರು. ಸಂಗ್ರಹದ ಹಿಂದೆ ಬಾಸೆಲ್ ಮಿಷನ್ನಿನ ಮೆನ್ನರ್ ಅವರ ಶ್ರಮವೂ, ಹಾಡಿ ಹೇಳಿದ ಜನರ ನೆನಪೂ ಇದೆ. ಹಾಡಿದವರಿಗೆ ಮಾತ್ರ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಲಿಲ್ಲ. ಭೂತಗಳನ್ನು ಪಿಶಾಚಿಗಳೆಂದು ಕರೆದ ಶೀರ್ಷಿಕೆ ಆ ಕಾಲದ ಪಾದ್ರಿಗಳ, ಅಧಿಕಾರಿಗಳ ದೃಷ್ಟಿಯದು. ಕೋಲ ಕಟ್ಟುವ ಸಂಪಾಜೆ ಕಡೆಯವರಿಗಾಗಲಿ, ತೆರೆ ಎಂಬ ದೈವದ ಕುಣಿತ ನಡೆಸುವ ದಕ್ಷಿಣ ಕೊಡಗಿನವರಿಗಾಗಲಿ ಅದು ಒಪ್ಪುವ ಮಾತಲ್ಲ. ಹೀಗಿದ್ದರೂ ಪಠ್ಯಗಳು ಸುಮಾರು ನೂರೈವತ್ತು ವರ್ಷ ಹಿಂದಿನವು, ಈಗಿನ ಹಾಡಿಕೆಯೊಡನೆ ಹೋಲಿಸಲು ಬೆಲೆಬಾಳುವಂಥವು.

ಪ್ರಶ್ನೆ (ನಾಪೋಕ್ಲು): ಕೊಡವ ತಕ್ಕಿನ (ಕೊಡವ ಭಾಷೆಯ) ಬಗ್ಗೆ ಅವರು ಏನಾದರೂ ಬರೆದಿದ್ದಾರೆಯೇ? ಪ್ರಸಿದ್ಧವಾದ ಆಂಗ್ಲೋ ಇಂಡಿಯನ್ ಶಬ್ದಕೋಶದಲ್ಲಿ ಕೊಡಗಿನ ಉಲ್ಲೇಖವಿದೆಯೇ?

ಉತ್ತರ: ದಕ್ಷಿಣ ಭಾರತದ ಉಪಭಾಷೆಗಳ ಮಾದರಿಗಳೆಂದು 1870ರ ದಶಕದಲ್ಲಿ ಅವರು ಹೊರತಂದ ಚಿಕ್ಕ ಪುಸ್ತಿಕೆಗಳಲ್ಲಿ ಕೊಡವ ತಕ್ಕಿನ ಮಾದರಿಯೂ ಒಂದು. ಗಾತ್ರದಲ್ಲಿ ಅದು ಅಲ್ಪ. 1867ರ ಕೋಲ್ ಅವರ ವ್ಯಾಕರಣದ ಮುಂದೆ ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

ಹಾಬ್ಸನ್ ಜಾಬ್ಸನ್ ಎಂಬ ಆ ಶಬ್ದಕೋಶ ಕರ್ನಲ್ ಹೆನ್ರಿ ಯೂಲ್ ಮತ್ತು ಬರ್ನೆಲ್ ಇಬ್ಬರ ಹೆಸರಿನಲ್ಲಿ 1886ರಲ್ಲಿ ಬಂತು. ಗಾತ್ರದಲ್ಲಿ ಎಂಟರಲ್ಲಿ ಏಳು ಪಾಲು ತಮ್ಮದೇ ಆದರೂ, ಅಪರೂಪದ ದುಬಾರಿ ಪುಸ್ತಕಗಳನ್ನು ಕೊಂಡು, ಸಾಯುವ ವರ್ಷದ ಬೇಸಗೆಯವರೆಗೂ ಪತ್ರ ಬರೆದು ನೆರವಾದ ಬರ್ನೆಲ್ ಅವರ ಪಾಲನ್ನು ಗಾತ್ರದಿಂದ ಅಳೆಯಬಾರದೆಂದು ಯೂಲ್ ಅವರು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಕೊಡಗಿನ ಹೆಸರಿನಡಿ ಅದರಲ್ಲಿ ಒಂದು ಚಿಕ್ಕ ಟಿಪ್ಪಣಿಯಿದೆ. ಕಾವೇರಿ ಹುಟ್ಟುವ ನಾಡೆಂದು ಹೇಳಿ, ಅರಸರ ಕ್ರೂರ ದುರಾಡಳಿತದಿಂದಾಗಿ 1834ರಲ್ಲಿ ಬ್ರಿಟಿಷ್ ಆಡಳಿತಕ್ಕೆ ಸೇರಿತೆಂದು ಅದು ಮುಗಿಸಿಬಿಡುತ್ತದೆ. ಸಾಲಪತ್ರಗಳ ವಿಷಯವಾಗಲಿ, ಲಂಡನ್ನಿನ ದಾವೆಯ ವಿಷಯವಾಗಲಿ ಅಲ್ಲಿಲ್ಲ. ಎಲ್ಲದಕ್ಕೂ ಆಧಾರ ಕೇಳುವ ವಿದ್ವಾಂಸರ ಪುಸ್ತಕದಲ್ಲಿಯೂ ಸರಕಾರದ ಮಾತು ಆಧಾರವಿಲ್ಲದೆ ಸಲೀಸಾಗಿ ಒಳಗೆ ಬಂದಿರುವುದಕ್ಕೆ ಇದೊಂದು ಉದಾಹರಣೆ.

ಪ್ರಶ್ನೆ (ಗೋಣಿಕೊಪ್ಪ): ಹಸ್ತಪ್ರತಿಗಳನ್ನು ಸಂಗ್ರಹಿಸಿ ವಿದೇಶಕ್ಕೆ ಸಾಗಿಸಿದವರನ್ನು ನಾವು ಹೊಗಳಬೇಕೇ?

ಉತ್ತರ: ಖಾರವಾದರೂ ನ್ಯಾಯವಾದ ಪ್ರಶ್ನೆ. 1870ರಲ್ಲಿ ಬರ್ನೆಲ್ ಅವರು 350 ಹಸ್ತಪ್ರತಿಗಳನ್ನು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟರು. ಅವರು ತೀರಿಕೊಂಡ ಮೇಲೆ ಇನ್ನೊಂದು ಸಂಗ್ರಹವನ್ನು ಅದೇ ಗ್ರಂಥಾಲಯ ಅವರ ವಾರಸುದಾರರಿಂದ ಕೊಂಡುಕೊಂಡಿತು. ಅವೆಲ್ಲ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜಿಲ್ಲೆಯ ನ್ಯಾಯಾಧೀಶರು ಪ್ರತಿಯೊಂದನ್ನು ನೋಡಬೇಕೆಂದರೆ ಇಲ್ಲವೆನ್ನುವ ಧೈರ್ಯ ಎಷ್ಟು ಮನೆತನಗಳಿಗೆ ಇದ್ದೀತು ಎಂಬುದನ್ನು ನಾವು ಮರೆಯಬಾರದು. ಅಲ್ಲಿಗೆ ಹೋದದ್ದರಿಂದ ಅವು ಗೆದ್ದಲಿಗೆ ತುತ್ತಾಗದೆ ಉಳಿದವೆಂಬ ಸಮಾಧಾನವನ್ನು ಪೂರ್ತಿಯಾಗಿ ಒಪ್ಪುವುದೂ ಕಷ್ಟ, ಏಕೆಂದರೆ ತಂಜಾವೂರಿನಲ್ಲಿ ಅವರೇ ಸೂಚಿ ಮಾಡಿದ ಪ್ರತಿಗಳು ತಂಜಾವೂರಿನಲ್ಲಿಯೇ ಉಳಿದಿವೆ. ಸೂಚಿಗಾಗಿ ಅವರನ್ನು ಹೊಗಳೋಣ. ಸಾಗಣೆಯ ವಿಷಯದಲ್ಲಿ ಹೊಗಳಬೇಕಾದ ಋಣ ನಮಗಿಲ್ಲ.

ಪ್ರಶ್ನೆ (ಶನಿವಾರಸಂತೆ): ಅವರ ಪುಸ್ತಕಗಳು ಈಗ ಎಲ್ಲಿ ಸಿಗುತ್ತವೆ?

ಉತ್ತರ: ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಲಿಪಿಶಾಸ್ತ್ರದ ಪುಸ್ತಕ, ತಂಜಾವೂರಿನ ಸೂಚಿ, ಶಬ್ದಕೋಶ ಮೂರೂ ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಲಿಪಿಶಾಸ್ತ್ರದ ಎರಡನೆಯ ಆವೃತ್ತಿಯನ್ನೇ ಇಳಿಸಿಕೊಳ್ಳಿ, ಅದರಲ್ಲಿ ತಿದ್ದುಪಡಿಗಳಿವೆ. ಸರಸ್ವತಿ ಮಹಲ್ 1918ರಿಂದ ಸಾರ್ವಜನಿಕ ಗ್ರಂಥಾಲಯವಾಗಿದ್ದು ತಂಜಾವೂರಿನ ಅರಮನೆಯ ಆವರಣದಲ್ಲಿಯೇ ಇದೆ. ಅಲ್ಲಿಯ ವಸ್ತುಸಂಗ್ರಹಾಲಯವನ್ನು ಯಾರು ಬೇಕಾದರೂ ನೋಡಬಹುದು. ಹಸ್ತಪ್ರತಿಗಳನ್ನು ಓದಬೇಕೆನ್ನುವವರು ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದುಕೊಂಡು ಹೋಗುವುದು ಒಳ್ಳೆಯದು.